ಮೊದಲು ಕಲ್ಲಿನ ವಯಸ್ಸು ಕೇಳಿ, ಮೂಳೆ ಆಮೇಲೆ ಹುಡುಕೋಣ

ಹೋದ ತಿಂಗಳು ಇದೇ ಅಂಕಣದಲ್ಲಿ, ಅರ್ಜೆಂಟೀನಾದ ಇಸ್ಚಿಗ್ವಲಾಸ್ತೋ ಅನ್ನೋ ಕಡೆ ಪ್ರಪಂಚದ ಅತೀ ಹಳೇ ಡೈನೋಸಾರ್ ಪಳೆಯುಳಿಕೆಗಳಲ್ಲಿ ಕೆಲವು ಸಿಕ್ಕಿವೆ ಅಂತ ಯಾವುದೋ ಪ್ರಶ್ನೆಗೆ ಉತ್ತರ ಕೊಡ್ತಾ ಎರಡೇ ಎರಡು ಲೈನ್ ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ, ಇಷ್ಟೊಂದು ವಾಟ್ಸಾಪ್ ಮೆಸೇಜ್ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಮಳೆ, ಬೆಳೆ, ಗ್ರಹಣದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದೀನಿ, ಬೇಜಾರು ಮಾಡ್ಕೋಬೇಡಿ. ಈ ಸಲ ಪೂರ್ತಿ ಡೈನೋಸಾರೇ.

ಸರ್, ಮೊಟ್ಟಮೊದಲ ಡೈನೋಸಾರ್ ಯಾವುದು? ಅದೂ ಟಿ ರೆಕ್ಸ್ ಥರ ದೊಡ್ಡದಿತ್ತಾ?
(ಪಿಯುಸಿ ವಿದ್ಯಾರ್ಥಿನಿ, ಹಾಸನ)

ಇಲ್ಲಮ್ಮ, ನಿಮ್ಮ ಬೀದೀಲಿ ಓಡಾಡೋ ನಾಯಿಗಳಿದಾವಲ್ಲ, ಹೆಚ್ಚುಕಮ್ಮಿ ಅಷ್ಟೇ ತೂಕ. ಇಸ್ಚಿಗ್ವಲಾಸ್ತೋದಲ್ಲಿ 1991ರಲ್ಲಿ ಸಿಕ್ಕಿದ ಒಂದು ಪ್ರಾಣಿಗೆ 1993ರಲ್ಲಿ ಇಯೋರ್ಯಾಪ್ಟರ್ ಲುನೆನ್ಸಿಸ್ ಅಂತ ಹೆಸರಿಟ್ರು. ಉದ್ದ ಒಂದು ಮೀಟರ್ ಚಿಲ್ಲರೆ, ಅದರಲ್ಲೂ ಅರ್ಧ ಬಾಲಕ್ಕೇ ಹೋಯ್ತು, ತೂಕ ಒಂದು ಹತ್ತು ಕೆಜಿ ಇರ್ಬಹುದು, ಎರಡು ಕಾಲ ಮೇಲೆ ಓಡ್ತಿತ್ತು. ಹೆಸರಿನಲ್ಲಿರೋ ಲುನೆನ್ಸಿಸ್ ಅಂದ್ರೆ ಚಂದ್ರನದ್ದು ಅಂತ, ಯಾಕಂದ್ರೆ ಆ ಜಾಗಕ್ಕೆ ಅಲ್ಲಿನ ಜನ ಚಂದ್ರನ ಕಣಿವೆ ಅಂತಾನೇ ಕರೀತಾರೆ. ಬೋಳು ಬೋಳು ಬೂದಿ ಬಣ್ಣದ ಗುಡ್ಡ, ಗಾಳಿ ಕೊರೆದ ವಿಚಿತ್ರ ಆಕಾರದ ಕಲ್ಲುಗಳು, ಹುಲ್ಲು ಅನ್ನೋದು ಹುಡುಕಿದ್ರೂ ಕಷ್ಟ. ಸಾನ್ ಹುವಾನ್ ಪ್ರಾಂತ್ಯದಲ್ಲಿದೆ, ಪಕ್ಕದ ತಾಲಂಪಾಯಾ ಪಾರ್ಕ್ ಜೊತೆ ಸೇರಿಸಿ 2000ನೇ ಇಸವೀಲಿ ಯುನೆಸ್ಕೋದವರು ವಿಶ್ವ ಪರಂಪರೆ ಪಟ್ಟಿಗೆ ಹಾಕಿದ್ರು.

ಅದೇ ಕಲ್ಲಲ್ಲಿ ಹೆರೆರಾಸಾರಸ್ ಅಂತ ಇನ್ನೊಂದಿತ್ತು, ಅದು ಸ್ವಲ್ಪ ರೌಡಿ, ದೊಡ್ಡದು ಐದಾರು ಮೀಟರ್‌ವರೆಗೂ ಬೆಳೀತಿತ್ತು, ಪಕ್ಕಾ ಮಾಂಸಾಹಾರಿ. ಹಾಗಂತ ಅದೂ ಆ ಊರಿನ ದೊಡ್ಡ ಗೌಡ ಅಲ್ಲ. ಆ ಕಾಲದಲ್ಲಿ ಎಲ್ಲರೂ ಹೆದರ್ತಿದ್ದಿದ್ದು ಸಾರೋಸೂಕಸ್ ಅನ್ನೋ ಮೊಸಳೆ ಕಡೆಯ ಸಂಬಂಧಿಗೆ. ಇನ್ನು ಎಲ್ಲಿ ನೋಡಿದ್ರೂ ಕಾಣ್ತಿದ್ದಿದ್ದು ರಿಂಕೋಸಾರ್ ಅಂತ, ಗಿಣಿ ಕೊಕ್ಕಿನ ಥರ ಬಾಯಿ ಇದ್ದ, ಹಂದಿ ಹಂಗೆ ದಪ್ಪಗಿದ್ದ ಸೊಪ್ಪು ತಿನ್ನೋ ಪ್ರಾಣಿ. ಅಲ್ಲಿ ಸಿಗೋ ಮೂಳೆಗಳಲ್ಲಿ ಅದರದ್ದೇ ರಾಶಿ, ಡೈನೋಸಾರ್‌ಗಳು ಸಣ್ಣ ಪಾಲು. ಅಂದ್ರೆ ನಮ್ಮ ಹೀರೋ ಆವಾಗಿನ್ನೂ ಸೈಡ್ ಆಕ್ಟರ್.

ಈಗ ನಿನ್ನ ಪ್ರಶ್ನೆಯ ಮೊದಲ ಭಾಗ, ಮೊಟ್ಟಮೊದಲನೇದು ಯಾವುದು ಅಂತ. ಇಯೋರ್ಯಾಪ್ಟರೇ ಮೊದಲನೇದು ಅಂತ ಯಾರೂ ಹೇಳಲ್ಲ, ಹೇಳಿದ್ರೆ ನಂಬಬೇಡ. ಅದೇ ಕಲ್ಲಿನ ಸಾಲಲ್ಲಿ ಆಗಲೇ ಬೇರೆ ಬೇರೆ ಥರದ ಡೈನೋಸಾರ್‌ಗಳಿದ್ವು, ಪ್ಯಾನ್‌ಫೇಜಿಯಾ, ಇಯೋಡ್ರೋಮಿಯಸ್, ಹೀಗೆ. ಒಂದು ಮನೇಲಿ ಆಗಲೇ ಅಣ್ಣತಮ್ಮಂದಿರು ಬೇರೆಯಾಗಿ ಒಲೆ ಹೂಡಿದಾರೆ ಅಂದ್ರೆ ಅಜ್ಜ ಇನ್ನೂ ಹಿಂದಿನವನು ಅಂತ ತಾನೆ ಅರ್ಥ. ತಾಂಜಾನಿಯಾದಲ್ಲಿ 1930ರ ದಶಕದಲ್ಲೇ ಸಿಕ್ಕಿ ಎಷ್ಟೋ ವರ್ಷ ಮ್ಯೂಸಿಯಂ ಡ್ರಾಯರಲ್ಲಿ ಬಿದ್ದಿದ್ದ ಒಂದು ತೋಳಿನ ಮೂಳೆ ಮತ್ತೆ ಕೆಲವು ಬೆನ್ನುಮೂಳೆಗೆ ನ್ಯಾಸಾಸಾರಸ್ ಅಂತ ಹೆಸರಿಟ್ಟಿದಾರೆ, ಅದು ಸುಮಾರು 24 ಕೋಟಿ ವರ್ಷ ಹಿಂದಿನದು. ಅದು ಡೈನೋಸಾರೇನಾ ಇಲ್ಲಾ ಡೈನೋಸಾರ್‌ನ ದಾಯಾದಿನಾ ಅಂತ ಜಗಳ ಇನ್ನೂ ನಡೀತಾ ಇದೆ.

ಟಿ ರೆಕ್ಸ್ ವಿಷಯಕ್ಕೆ ಬಂದ್ರೆ ಒಂದು ಲೆಕ್ಕ ಹೇಳ್ತೀನಿ, ಫ್ರೆಂಡ್ಸ್ ಹತ್ರ ಪಂದ್ಯ ಕಟ್ಟೋಕೆ ಆಗುತ್ತೆ. ಇಯೋರ್ಯಾಪ್ಟರ್ ಇದ್ದಿದ್ದು ಸುಮಾರು 23 ಕೋಟಿ ವರ್ಷ ಹಿಂದೆ, ಟಿ ರೆಕ್ಸ್ ಸತ್ತಿದ್ದು 6.6 ಕೋಟಿ ವರ್ಷ ಹಿಂದೆ. ಅಂದ್ರೆ ಟಿ ರೆಕ್ಸ್‌ಗೆ ಇಯೋರ್ಯಾಪ್ಟರ್‌ಗಿಂತ ನಾವೇ ಹತ್ರ, ಅದೂ ಎರಡು ಪಟ್ಟಿಗಿಂತ ಜಾಸ್ತಿ ಹತ್ರ.

ನಮ್ಮ ಬಾದಾಮಿ ಕಲ್ಲೂ ಕೆಂಪಗಿದೆ, ಪದರ ಪದರವಾಗಿದೆ, ಕಣಶಿಲೆ ಅಂತ ನಾನೇ ಮಕ್ಕಳಿಗೆ ಪಾಠ ಮಾಡ್ತೀನಿ. ಹಾಗಿದ್ರೆ ಇಲ್ಲಿ ಯಾಕೆ ಡೈನೋಸಾರ್ ಸಿಕ್ಕಿಲ್ಲ? ಯಾರೂ ಸರಿಯಾಗಿ ಹುಡುಕಿಲ್ವೇನೋ?
(ಪ್ರೌಢಶಾಲೆ ಶಿಕ್ಷಕರು, ಬಾಗಲಕೋಟೆ ಜಿಲ್ಲೆ)

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ನಂಗೆ ನನ್ನ ಲೆಕ್ಚರರ್ ದಿನಗಳೇ ನೆನಪಾದ್ವು. ಒಂದ್ಸಲ ಹುಡುಗರನ್ನ ಬಾದಾಮಿಗೆ ಟೂರ್ ಕರ್ಕೊಂಡು ಹೋಗಿದ್ದೆ, ಒಬ್ಬ ಬಂಡೆ ಸಂದಿಯಿಂದ ಮೂಳೆ ಹಿಡ್ಕೊಂಡು ಉಸಿರು ಬಿಡ್ತಾ ಓಡಿ ಬಂದ, ಸರ್ ಡೈನೋಸಾರ್ ಸರ್ ಅಂತ. ನೋಡಿದ್ರೆ ಎತ್ತಿನ ಕಾಲು. ಪಾಪ, ಬಸ್ಸಲ್ಲಿ ವಾಪಸ್ ಬರೋವರೆಗೂ ಅವನನ್ನ ಎಲ್ಲರೂ ಬಸವಸಾರಸ್ ಅಂತ ರೇಗಿಸಿದ್ರು.

ಕಲ್ಲಿನ ಜಾತಿ ಸರಿಯಾಗೇ ಹೇಳಿದೀರಿ, ಮರಳುಗಲ್ಲು, ಕಣಶಿಲೆ, ಎಲ್ಲಾ ಸರಿ. ತಪ್ಪಿರೋದು ವಯಸ್ಸು. ಬಾದಾಮಿ, ಐಹೊಳೆ, ಪಟ್ಟದಕಲ್ಲು ಕಡೆಯ ಕಲ್ಲೆಲ್ಲ ಕಲಾದಗಿ ಅನ್ನೋ ಗುಂಪಿಗೆ ಸೇರಿದ್ದು, ನಿಮ್ಮದೇ ಜಿಲ್ಲೆಯ ಊರಿನ ಹೆಸರು. ಅದು 54 ಕೋಟಿ ವರ್ಷಕ್ಕಿಂತ ಎಷ್ಟೋ ಹಿಂದಿನ ಕಾಲದ ಮರಳು. ಆವಾಗ ಡೈನೋಸಾರ್ ಬಿಡಿ, ಮೂಳೆ ಅನ್ನೋದೇ ಭೂಮಿ ಮೇಲೆ ಇನ್ನೂ ಹುಟ್ಟಿರ್ಲಿಲ್ಲ. ಮನೆ ಕಟ್ಟಿ ಮುಗಿಸಿ ನೂರು ವರ್ಷ ಆದ್ಮೇಲೆ ಹುಟ್ಟಿದ ಮೊಮ್ಮಗನ ಕೈಗುರುತನ್ನ ಪಾಯದ ಸಿಮೆಂಟಲ್ಲಿ ಹುಡುಕಿದ ಹಾಗೆ ಆಗುತ್ತೆ. ಕಲಬುರಗಿ ಕಡೆ ನೆಲಕ್ಕೆ ಹಾಸ್ತಾರಲ್ಲ ಶಹಾಬಾದ್ ಕಲ್ಲು, ಅದೂ ಕಣಶಿಲೇನೇ, ಸುಣ್ಣಕಲ್ಲು, ಅದರ ಕಥೇನೂ ಇದೇ. ಇನ್ನು ಬೆಂಗಳೂರು ಮೈಸೂರು ಕಡೆ ಬಂದ್ರೆ ಕಲ್ಲು ಇನ್ನೂ ಮುದುಕ, ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು, ಅದೂ ಭೂಮಿ ಒಳಗೆ ಬೆಂದು ಹಿಂಡಿ ಹಿಪ್ಪೆಯಾಗಿ ಬಂದಿರೋ ಕಲ್ಲು, ಅದರಲ್ಲಿ ಏನೂ ಉಳಿಯೋ ಮಾತೇ ಇಲ್ಲ.

ಬೆಳಗಾವಿ, ವಿಜಯಪುರ, ಬೀದರ್ ಕಡೆ ಕಪ್ಪು ಕಲ್ಲು ಇದೆಯಲ್ಲ, ಅದರ ವಯಸ್ಸು ಮಾತ್ರ ಹೊಂದುತ್ತೆ, 6.6 ಕೋಟಿ ವರ್ಷದ ಆಸುಪಾಸು, ಡೈನೋಸಾರ್‌ಗಳ ಕೊನೇ ದಿನಗಳು. ಆದ್ರೆ ಅದು ಲಾವಾ. ಕುದೀತಿರೋ ಲಾವಾದಲ್ಲಿ ಬಿದ್ದ ಮೂಳೆ ಪಳೆಯುಳಿಕೆ ಆಗಲ್ಲ, ಬೂದಿ ಆಗುತ್ತೆ. ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವೆ ಕೆರೆಗಳಾಗಿದ್ವಲ್ಲ, ಆ ಕೆಸರಿನ ತೆಳು ಪದರಗಳು ಅಲ್ಲಲ್ಲಿ ಇವೆ, ಗುರುಮಠಕಲ್ ಸುತ್ತ ಅಂಥದ್ರಲ್ಲಿ ಸಣ್ಣ ಸಣ್ಣ ಜೀವಿಗಳ ಪಳೆಯುಳಿಕೆ ಸಿಕ್ಕಿವೆ. ನಮ್ಮ ರಾಜ್ಯದಲ್ಲಿ ಆಸೆ ಇಟ್ಕೊಳ್ಳೋದಾದ್ರೆ ಅಂಥ ಪದರಗಳ ಮೇಲೆ ಇಟ್ಕೋಬೇಕು, ಬಾದಾಮಿ ಗುಡ್ಡದ ಮೇಲಲ್ಲ.

ಇಸ್ಚಿಗ್ವಲಾಸ್ತೋದಲ್ಲಿ ಏನಾಯ್ತು ಅಂದ್ರೆ ಮೂರು ಅದೃಷ್ಟ ಒಟ್ಟಿಗೆ ಬಂತು. 23 ಕೋಟಿ ವರ್ಷ ಹಿಂದೆ ಆ ಜಾಗದಲ್ಲಿ ನೆಲ ಬಿರಿದು ನಿಧಾನಕ್ಕೆ ಕುಸೀತಿತ್ತು, ಕುಸಿದ ಹಳ್ಳಕ್ಕೆ ನದಿಗಳು ಪ್ರವಾಹದಲ್ಲಿ ಮರಳು, ಜೇಡಿಮಣ್ಣು ತಂದು ಸುರೀತಾನೇ ಇದ್ವು, ಹೀಗೇ ನೂರಾರು ಮೀಟರ್ ದಪ್ಪಕ್ಕೆ ಪೇರಿಸಿಕೊಂಡ್ತು, ಸತ್ತ ಪ್ರಾಣಿ ನರಿ ನಾಯಿ ಪಾಲಾಗೋ ಮುಂಚೆ ಮಣ್ಣೊಳಗೆ ಹೂತೋಯ್ತು (ನರಿ ನಾಯಿ ಆವಾಗ ಇರ್ಲಿಲ್ಲ, ಮಾತಿಗೆ ಹೇಳಿದೆ). ಆಮೇಲೆ ಎಷ್ಟೋ ಕೋಟಿ ವರ್ಷ ಆದ್ಮೇಲೆ ಆಂಡೀಸ್ ಪರ್ವತ ಏಳೋವಾಗ ಆ ಪದರಗಳೂ ಎದ್ದು ಓರೆಯಾಗಿ ಮೇಲೆ ಬಂದ್ವು. ಮೂರನೇದು, ಅಲ್ಲಿ ಮಳೆ ಕಡಿಮೆ, ಹಾಗಾಗಿ ಕಾಡಿಲ್ಲ, ಹೊಲ ಇಲ್ಲ, ಕಲ್ಲು ಬರಿಮೈಲಿ ನಿಂತಿದೆ. ಅದೇ ಕಲ್ಲು ನಮ್ಮ ಆಗುಂಬೆಯಲ್ಲಿ ಇದ್ದಿದ್ರೆ ಹಾವಸೆ ಮರ ಬಿಳಲು ಮುಚ್ಚಿ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ.

23 ಕೋಟಿ ವರ್ಷ ಅಂತ ಹೆಂಗೆ ಹೇಳ್ತಾರೆ? ಕಾರ್ಬನ್ ಡೇಟಿಂಗ್ ಮಾಡ್ತಾರಾ? ಸುಮ್ನೆ ಅಂದಾಜಿಗೆ ಬಿಡ್ತಾರೆ ಅಂತ ನಂಗೆ ಡೌಟು.
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಡೌಟ್ ಪಡೋದು ಒಳ್ಳೇದೇ, ಆದ್ರೆ ಕಾರ್ಬನ್ ಡೇಟಿಂಗ್ ಅಲ್ಲ. ಕಾರ್ಬನ್ 14 ಅನ್ನೋದು ಪ್ರತಿ 5,730 ವರ್ಷಕ್ಕೆ ಅರ್ಧಕ್ಕರ್ಧ ಕರಗುತ್ತೆ, 50 ಸಾವಿರ ವರ್ಷ ದಾಟಿದ್ರೆ ಅಳೆಯೋಕೆ ಏನೂ ಉಳಿದಿರಲ್ಲ. ಕೋಟಿ ವರ್ಷಕ್ಕೆ ಅದನ್ನ ಉಪಯೋಗಿಸೋದು ಅಂದ್ರೆ ಅಡಿಗೆಮನೆ ಟೈಮರ್ ಇಟ್ಕೊಂಡು ಮನೆಯ ವಯಸ್ಸು ಅಳೆದ ಹಾಗೆ.

ಇನ್ನೊಂದು ತಮಾಷೆ ಏನಂದ್ರೆ ಮೂಳೆಯನ್ನಾಗಲೀ ಅದು ಕೂತಿರೋ ಮರಳುಗಲ್ಲನ್ನಾಗಲೀ ನೇರವಾಗಿ ಅಳೆಯೋಕಾಗಲ್ಲ. ಮರಳಿನ ಕಣ ಎಲ್ಲೋ ಹಳೇ ಬೆಟ್ಟದಿಂದ ಕಿತ್ತು ಬಂದಿರುತ್ತೆ, ಅದನ್ನ ಅಳೆದ್ರೆ ಬೆಟ್ಟದ ವಯಸ್ಸು ಬರುತ್ತೆ. ಹಾಗಾಗಿ ಜಿಯಾಲಜಿಸ್ಟ್‌ಗಳು ಹುಡುಕೋದು ಜ್ವಾಲಾಮುಖಿ ಬೂದಿಯ ಪದರ. ಎಲ್ಲೋ ಬೆಟ್ಟ ಸಿಡೀತು, ಬೂದಿ ಹಾರಿ ಬಂದು ಆ ನದಿ ಬಯಲಿನ ಮೇಲೆ ಒಂದು ಹೊದಿಕೆ ಥರ ಕೂತ್ಕೊಂತು, ಅದರ ಮೇಲೆ ಮತ್ತೆ ಮಣ್ಣು ಬಂತು. ಆ ಬೂದೀಲಿ ಪೊಟ್ಯಾಸಿಯಂ ಇರೋ ಸಣ್ಣ ಹರಳುಗಳಿರ್ತವೆ. ಪೊಟ್ಯಾಸಿಯಂ 40 ಅನ್ನೋದು ನಿಧಾನಕ್ಕೆ, ಅಂದ್ರೆ 125 ಕೋಟಿ ವರ್ಷಕ್ಕೆ ಅರ್ಧ ಆಗೋ ಸ್ಪೀಡಲ್ಲಿ ಕರಗ್ತಾ ಇರುತ್ತೆ, ಅದರಲ್ಲಿ ಒಂದು ಭಾಗ ಆರ್ಗಾನ್ ಗ್ಯಾಸ್ ಆಗಿ ಹರಳಿನೊಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಬಿಸಿ ಬೂದಿಯಾಗಿದ್ದಾಗ ಆರ್ಗಾನ್ ಲೆಕ್ಕ ಸೊನ್ನೆ, ತಣ್ಣಗಾದ ದಿನದಿಂದ ಮೀಟರ್ ಓಡೋಕೆ ಶುರು. ಈಗ ಹರಳನ್ನ ಲೇಸರ್‌ನಲ್ಲಿ ಕರಗಿಸಿ ಒಳಗೆಷ್ಟು ಆರ್ಗಾನ್ ಕೂಡಿಟ್ಟಿದೆ ಅಂತ ನೋಡ್ತಾರೆ.

ಇಸ್ಚಿಗ್ವಲಾಸ್ತೋದ ತಳದ ಹತ್ರ ಇರೋ ಬೂದಿ ಪದರಕ್ಕೆ 1993ರಲ್ಲಿ 22.78 ಕೋಟಿ ವರ್ಷ ಅಂತ ಉತ್ತರ ಬಂತು. ಆಮೇಲೆ ಅಳತೆಗೆ ಆಧಾರವಾಗಿದ್ದ ಕಲ್ಲಿನ ಲೆಕ್ಕವನ್ನೇ ತಿದ್ದಿದ್ರು, ಆವಾಗ ಅದು 23.14 ಕೋಟಿ ಆಯ್ತು. ಮೇಲಿನ ತುದಿ ಹತ್ರದ ಇನ್ನೊಂದು ಬೂದಿಗೆ ಸುಮಾರು 22.59 ಕೋಟಿ. ಕೆಳಗಿನ ಗೆರೆ ಒಂದು, ಮೇಲಿನ ಗೆರೆ ಒಂದು, ಮೂಳೆಗಳು ಎರಡರ ನಡುವೆ. ನಂಬರ್ ಬದಲಾಯ್ತಲ್ಲ ಅಂತ ನೀವು ಮೂಗು ಮುರೀಬಹುದು, ಆದ್ರೆ ನಿಮ್ಮ ಫೀಲ್ಡಲ್ಲೂ ಬಗ್ ಸಿಕ್ಕಿದ್ರೆ ಫಿಕ್ಸ್ ಮಾಡಿ ಹೊಸ ವರ್ಷನ್ ಬಿಡ್ತೀರಲ್ವಾ, ಅಂದಾಜಿಗೆ ಬಿಟ್ಟಿದ್ದಾದ್ರೆ ತಿದ್ದೋ ಉಸಾಬರಿ ಯಾರಿಗೆ ಬೇಕಿತ್ತು?

ಹೆರೆರಾಸಾರಸ್ ಅಂತ ಹೆಸರಿದೆಯಲ್ಲ, ಹೆರೆರಾ ಅಂದ್ರೆ ಯಾರು, ದೊಡ್ಡ ವಿಜ್ಞಾನಿನಾ?
(ಗೃಹಿಣಿ, ದಾವಣಗೆರೆ)

ಅಲ್ಲಮ್ಮ, ಆ ಕಡೆಯ ಗುಡ್ಡಗಾಡಿನಲ್ಲಿ ಆಡು ಮೇಯಿಸಿಕೊಂಡಿದ್ದ ಮನುಷ್ಯ, ವಿಕ್ತೋರಿನೋ ಹೆರೆರಾ ಅಂತ. ಮೊದಲು ಆ ಮೂಳೆಗಳು ಕಣ್ಣಿಗೆ ಬಿದ್ದಿದ್ದು ಅವರಿಗೆ. 1963ರಲ್ಲಿ ಓಸ್ವಾಲ್ದೋ ರೈಗ್ ಅನ್ನೋ ಅರ್ಜೆಂಟೀನಾ ವಿಜ್ಞಾನಿ ಹೆಸರಿಡೋವಾಗ ಹೆರೆರಾ ಹೆಸರನ್ನೇ ಇಟ್ರು, ಇದು ನಂಗೆ ಬಹಳ ಇಷ್ಟವಾದ ವಿಷಯ. ಆದ್ರೆ ಆವಾಗ ಸಿಕ್ಕಿದ್ದು ತುಂಡು ತುಂಡು, ಹಾಗಾಗಿ ಅದು ಎಂಥ ಪ್ರಾಣಿ ಅಂತ ಇಪ್ಪತ್ತೈದು ವರ್ಷ ಕಿತ್ತಾಡಿದ್ರು. 1988ರಲ್ಲಿ ಅಮೆರಿಕದ ಪಾಲ್ ಸೆರೆನೋ, ಅರ್ಜೆಂಟೀನಾದ ಫರ್ನಾಂದೋ ನೋವಾಸ್ ಮತ್ತವರ ಜೊತೆಯವರಿಗೆ ಪೂರ್ತಿ ತಲೆಬುರುಡೆ ಸಮೇತ ಅಸ್ಥಿಪಂಜರ ಸಿಕ್ಕಿದ ಮೇಲೆ ಜಗಳ ಸ್ವಲ್ಪ ತಣ್ಣಗಾಯ್ತು. ಪೂರ್ತಿ ಅಲ್ಲ. ಇದು ಮಾಂಸ ತಿನ್ನೋ ಡೈನೋಸಾರ್ ಕುಲಕ್ಕೆ ಸೇರಿದ್ದಾ ಅಥವಾ ಅದಕ್ಕಿಂತ ಮುಂಚೇನೇ ಕವಲೊಡೆದಿದ್ದಾ ಅಂತ ಈಗಲೂ ಪೇಪರ್ ಮೇಲೆ ಪೇಪರ್ ಬರ್ತಾವೆ. ಇಯೋರ್ಯಾಪ್ಟರ್ ಕಥೇನೂ ಹಂಗೇ, 1993ರಲ್ಲಿ ಟಿ ರೆಕ್ಸ್ ಕಡೆಯವನು ಅಂದಿದ್ರು, 2011ರಲ್ಲಿ ಇಲ್ಲ ಇಲ್ಲ ಇದು ಉದ್ದ ಕತ್ತಿನ ಸೊಪ್ಪು ತಿನ್ನೋ ದೈತ್ಯರ ಮನೆತನ ಅಂದ್ರು. ಹಲ್ಲು ನೋಡಿದ್ರೆ ಯಾಕೆ ಗೊಂದಲ ಅಂತ ಗೊತ್ತಾಗುತ್ತೆ, ಕೆಲವು ಬಾಗಿದ ಚೂರಿ ಥರ, ಕೆಲವು ಎಲೆ ಆಕಾರ, ಪ್ರಾಯಶಃ ಸಿಕ್ಕಿದ್ದೆಲ್ಲ ತಿಂತಿತ್ತು.

ಎಲ್ಲಾ ಹಳೇ ಹಲ್ಲಿ ಮೊಸಳೆ ಥರಾನೇ ಕಾಣುತ್ತೆ ಚಿತ್ರದಲ್ಲಿ. ಇದು ಡೈನೋಸಾರು, ಇದಲ್ಲ ಅಂತ ಹೆಂಗೆ ಬೇರೆ ಮಾಡ್ತಾರೆ?
(ಓದುಗರು, ಶಿರಸಿ)

ಸೊಂಟ ನೋಡ್ತಾರೆ. ನಿಮ್ಮ ತೋಟದ ಬೇಲಿ ಮೇಲೆ ಓತಿಕ್ಯಾತ ಕೂತಿರುತ್ತಲ್ಲ, ಅದರ ಕಾಲು ಮೈಯ ಪಕ್ಕಕ್ಕೆ ಚಾಚಿಕೊಂಡಿರುತ್ತೆ, ದಂಡ ಹೊಡೆಯೋ ಪೈಲ್ವಾನನ ತೋಳಿನ ಹಂಗೆ. ಡೈನೋಸಾರ್ ಕಾಲು ಹಾಗಲ್ಲ, ಮಂಚದ ಕಾಲಿನ ಥರ ನೇರ ಮೈಯ ಕೆಳಗೇ. ಅದಕ್ಕೆ ತಕ್ಕ ಹಾಗೆ ತೊಡೆ ಮೂಳೆಯ ತಲೆ ಒಳಕ್ಕೆ ತಿರುಗಿರುತ್ತೆ, ಆ ತಲೆ ಕೂರೋ ಸೊಂಟದ ಗುಳಿ ಬರೀ ಗುಳಿಯಾಗಿರದೆ ಆರಪಾರ ತೂತಾಗಿರುತ್ತೆ. ನಮ್ಮದು ಬಟ್ಟಲಿನ ಥರ ಮುಚ್ಚಿರುತ್ತೆ, ಡೈನೋಸಾರ್‌ದು ಕಿಟಕಿ. ಕೋಳಿ ಸಾರು ಮಾಡಿದ ದಿನ ಸೊಂಟದ ಮೂಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ಅದೇ ತೂತು ಕಾಣುತ್ತೆ, ಯಾಕಂದ್ರೆ ಕೋಳಿ ಕೂಡ ಆ ವಂಶದ್ದೇ. ಶಿರಸಿಯವರು ಅಂದ್ರಿ, ಸಸ್ಯಾಹಾರಿಗಳಾಗಿದ್ರೆ ಪಕ್ಕದ ಮನೇಲಿ ಕೇಳಿ.

ಆದ್ರೆ ಇಷ್ಟು ಹಳೇ ಕಾಲಕ್ಕೆ ಹೋದಾಗ ಗೆರೆ ಮಸುಕಾಗುತ್ತೆ. ಕೆಲವಕ್ಕೆ ಕಿಟಕಿ ಪೂರ್ತಿ ತೆರೆದಿಲ್ಲ, ಅರ್ಧ ತೆರೆದಿದೆ. ಜಗಳಗಳೆಲ್ಲ ಹುಟ್ಟೋದು ಇಲ್ಲೇ.

ಇಂಡಿಯಾದಲ್ಲಿ ಇಷ್ಟು ಹಳೇ ಡೈನೋಸಾರ್ ಇಲ್ವಾ? ಯಾವಾಗಲೂ ಅಮೆರಿಕ, ಅರ್ಜೆಂಟೀನಾ, ಚೀನಾ ಅಂತಾನೇ ಬರೀತೀರಲ್ಲ.
(ನಿವೃತ್ತ ಬ್ಯಾಂಕ್ ನೌಕರರು, ಬೀದರ್)

ಇದೆ ಸ್ವಾಮಿ, ಅದೂ ನಿಮ್ಮ ಪಕ್ಕದ ರಾಜ್ಯದಲ್ಲೇ. ತೆಲಂಗಾಣದ ಹಳೇ ಆದಿಲಾಬಾದ್ ಜಿಲ್ಲೆ, ಪ್ರಾಣಹಿತಾ ಮತ್ತು ಗೋದಾವರಿ ಕಣಿವೆ. ಅಲ್ಲಿ ಮಲೇರಿ ಅಂತ ಒಂದು ಹಳ್ಳಿ, ಅದರ ಹೆಸರಲ್ಲೇ ಮಲೇರಿ ಶಿಲಾಸ್ತರ. ಕೆಂಪು ಜೇಡಿಮಣ್ಣು ಗಟ್ಟಿಯಾದ ಕಲ್ಲು, ನಡುನಡುವೆ ಮರಳುಗಲ್ಲಿನ ಪಟ್ಟಿ. ಇಸ್ಚಿಗ್ವಲಾಸ್ತೋದಲ್ಲಿದ್ದ ಆ ಗಿಣಿ ಕೊಕ್ಕಿನ ರಿಂಕೋಸಾರ್ ಇಲ್ಲೂ ರಾಶಿ ರಾಶಿ. ಅದೇನು ಅಲ್ಲಿಂದ ಇಲ್ಲಿಗೆ ಈಜಿಕೊಂಡು ಬಂತಾ ಅಂದ್ರೆ ಅಲ್ಲ, ಆವಾಗ ಮಧ್ಯ ಸಮುದ್ರವೇ ಇರ್ಲಿಲ್ಲ, ದಕ್ಷಿಣ ಅಮೆರಿಕ, ಆಫ್ರಿಕಾ, ಭಾರತ ಎಲ್ಲ ಒಂದೇ ನೆಲ, ನಡ್ಕೊಂಡೇ ಹೋಗ್ಬಹುದಿತ್ತು. ಆ ಕೂಡಿದ್ದ ದಕ್ಷಿಣದ ನೆಲಕ್ಕೆ ಪ್ರಪಂಚದವರೆಲ್ಲ ಗೊಂಡ್ವಾನಾ ಅಂತ ಕರೀತಾರಲ್ಲ, ಆ ಹೆಸರು ಹೋಗಿದ್ದೇ ನಮ್ಮ ಗೊಂಡರ ನಾಡಿನಿಂದ, ಮಲೇರಿ ಸುತ್ತಮುತ್ತ ಇವತ್ತಿಗೂ ಗೊಂಡರೇ ಇದಾರೆ. ಇಂಥದ್ದೇ ಹಳೇ ಡೈನೋಸಾರ್ ಸಿಕ್ಕಿರೋ ಬ್ರೆಜಿಲ್‌ನ ಸಾಂತಾ ಮಾರಿಯಾ, ಜಿಂಬಾಬ್ವೆಯಲ್ಲಿ ಸಿಕ್ಕಿ 2022ರಲ್ಲಿ ಹೆಸರು ಪಡೆದ ಎಂಬಿರೆಸಾರಸ್ ಅನ್ನೋ ಡೈನೋಸಾರ್‌ನ ಜಾಗ, ನಮ್ಮ ಮಲೇರಿ, ಎಲ್ಲವನ್ನೂ ಆ ಕಾಲದ ಮ್ಯಾಪ್ ಮೇಲೆ ಇಟ್ರೆ ಭೂಮಿಯ ದಕ್ಷಿಣ ಭಾಗದಲ್ಲಿ ಹೆಚ್ಚುಕಮ್ಮಿ ಒಂದೇ ಪಟ್ಟಿಯಲ್ಲಿ ಬರ್ತಾವೆ.

ಕೆಲಸ ಮಾಡಿದ್ದು ಯಾರು ಅಂತ ಕೇಳಿದ್ರೆ ಆಶ್ಚರ್ಯ ಆಗುತ್ತೆ, ಕೋಲ್ಕತ್ತಾದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್! ಲೆಕ್ಕದವರಿಗೆ ಮೂಳೆ ಯಾಕೆ ಅನ್ಬೇಡಿ, ಅದನ್ನ ಕಟ್ಟಿದ ಮಹಾಲನೋಬಿಸ್ ಅವರಿಗೆ ಎಲ್ಲದರಲ್ಲೂ ಆಸಕ್ತಿ, 1950ರ ದಶಕದ ಕೊನೇಲಿ ಲಂಡನ್ನಿಂದ ಪಮೇಲಾ ರಾಬಿನ್‌ಸನ್ ಅನ್ನೋ ವಿಜ್ಞಾನಿಯನ್ನ ಕರೆಸಿ ಇಲ್ಲಿನ ಹುಡುಗರಿಗೆ ಪಳೆಯುಳಿಕೆ ವಿದ್ಯೆ ಕಲಿಸೋ ವ್ಯವಸ್ಥೆ ಮಾಡಿದ್ರು. ಆ ಗುಂಪಿನ ಶಂಕರ್ ಚಟರ್ಜಿ 1987ರಲ್ಲಿ ಮಲೇರಿಯ ಒಂದು ಸಣ್ಣ ಡೈನೋಸಾರ್‌ಗೆ ವಾಕೇರಿಯಾ ಅಂತ ಹೆಸರಿಟ್ರು. ನೋಡಿದ್ರೆ ಆ ಹೆಸರು ಆಗಲೇ ಒಂದು ಪುಟಾಣಿ ಸಮುದ್ರ ಜೀವಿಗೆ ರಿಜಿಸ್ಟರ್ ಆಗಿಬಿಟ್ಟಿತ್ತು, 1994ರಲ್ಲಿ ಆಲ್‌ವಾಕೇರಿಯಾ ಅಂತ ಬದಲಾಯಿಸಬೇಕಾಯ್ತು. ಆಮೇಲೆ ಇನ್ನೊಂದು ತಕರಾರು, ಅದರ ಮೂಳೆಗಳು ಎಲ್ಲಾ ಒಂದೇ ಪ್ರಾಣಿಯದಲ್ಲ, ಎರಡು ಮೂರು ಪ್ರಾಣಿಯದು ಕಲಸಿಹೋಗಿದೆ ಅಂತ. ತೊಡೆ ಮೂಳೆ ಡೈನೋಸಾರ್‌ದೇ ಇರ್ಬೇಕು ಅಂತ ಹೆಚ್ಚಿನವರು ಒಪ್ತಾರೆ, ತಲೆ ಬಗ್ಗೆ ಒಪ್ಪಲ್ಲ.

ಅದೇ ಶಿಲಾಸ್ತರದ ಮೇಲಿನ, ಅಂದ್ರೆ ಸ್ವಲ್ಪ ಕಿರಿಯ ಪದರಗಳಲ್ಲಿ ಜಕ್ಲಪಲ್ಲಿಸಾರಸ್, ನಂಬಾಲಿಯಾ ಅಂತ ಎರಡಕ್ಕೆ 2011ರಲ್ಲಿ ಹೆಸರಿಟ್ರು. 2025ರಲ್ಲಿ ಮಲೇರಿರ್ಯಾಪ್ಟರ್ ಕುಟ್ಟೀ ಅಂತ ಇನ್ನೊಂದು ಬಂತು, ಅಲ್ಲಿ ವರ್ಷಾನುಗಟ್ಟಲೆ ಮೂಳೆ ಹುಡುಕಿದ ಟಿ ಎಸ್ ಕುಟ್ಟಿ ಅವರ ನೆನಪಿಗೆ. ಇದು ಹೆರೆರಾಸಾರಸ್‌ನ ಮನೆತನದ್ದು, ಕಾಲ ಸುಮಾರು 22 ಕೋಟಿ ವರ್ಷ ಹಿಂದೆ. ಇಸ್ಚಿಗ್ವಲಾಸ್ತೋದ ಹೆರೆರಾಸಾರಸ್‌ಗಿಂತ ಹತ್ತಿರ ಹತ್ತಿರ ಒಂದು ಕೋಟಿ ವರ್ಷ ಕಿರಿಯ, ಅಂದ್ರೆ ಆ ಕುಲ ಅಷ್ಟು ಕಾಲ ನಮ್ಮ ಕಡೆ ಬಾಳಿತ್ತು.

ನಂಗೆ ಮಲೇರಿಯಲ್ಲಿ ಎಲ್ಲಕ್ಕಿಂತ ಇಷ್ಟ ಆಗೋದು ಡೈನೋಸಾರೇ ಅಲ್ಲದ ಒಂದು ಕಥೆ. ಪ್ಯಾರಾಸೂಕಸ್ ಅಂತ ಮೊಸಳೆ ಥರದ ಉದ್ದ ಮೂತಿಯ ಪ್ರಾಣಿ, ಅಕ್ಕಪಕ್ಕದಲ್ಲಿ ಎರಡು ಅಸ್ಥಿಪಂಜರ ಸಿಕ್ಕಿದ್ವು, ಎರಡರ ಹೊಟ್ಟೆ ಜಾಗದಲ್ಲೂ ಮಲೇರಿಸಾರಸ್ ಅನ್ನೋ ಹಲ್ಲಿಯಂಥ ಪ್ರಾಣಿಯ ಮೂಳೆ! ಊಟ ಮುಗಿಸಿ ಕೈ ತೊಳೆಯೋ ಮುಂಚೆ ಇಬ್ಬರಿಗೂ ಏನೋ ಆಗಿಹೋಯ್ತು ಅನ್ಸುತ್ತೆ.

ನಮ್ಮ ಹೊಲದಲ್ಲಿ ಬೋರ್‌ವೆಲ್ ಹಾಕೋವಾಗ ಗುಂಡಗಿರೋ ದೊಡ್ಡ ಕಲ್ಲು ಸಿಕ್ಕಿದೆ, ಡೈನೋಸಾರ್ ಮೊಟ್ಟೆ ಅಂತ ಎಲ್ಲರೂ ಹೇಳ್ತಿದಾರೆ, ಫೋಟೋ ಕಳ್ಸಿದೀನಿ. ಎಷ್ಟು ಬೆಲೆ ಬರ್ಬಹುದು?
(ರೈತರು, ಚಿತ್ರದುರ್ಗ ಜಿಲ್ಲೆ)

ಅಣ್ಣಾ, ಫೋಟೋ ನೋಡಿದೆ. ಮೊಟ್ಟೆ ಅಲ್ಲ, ಗುಂಡುಕಲ್ಲು. ಚಿತ್ರದುರ್ಗದ ಕಲ್ಲು 250 ಕೋಟಿ ವರ್ಷಕ್ಕೂ ಹಳೇದು, ಮೇಲೆ ಬಾಗಲಕೋಟೆ ಮೇಷ್ಟ್ರಿಗೆ ಹೇಳಿದ್ದೇ ನಿಮಗೂ ಉತ್ತರ. ಗುಂಡಗಿರೋದು ಪ್ರಕೃತಿಗೆ ಬಹಳ ಸುಲಭದ ಕೆಲಸ, ಬಂಡೆ ಈರುಳ್ಳಿ ಸಿಪ್ಪೆ ಥರ ಎದ್ದು ಗುಂಡಗಾಗುತ್ತೆ, ಹೊಳೇಲಿ ಉರುಳಿ ಗುಂಡಗಾಗುತ್ತೆ, ಕೆಸರಿನೊಳಗೆ ಸುಣ್ಣ ಒಂದು ಬಿಂದುವಿನ ಸುತ್ತ ಗಟ್ಟಿಯಾಗಿ ಗುಂಡಗಾಗುತ್ತೆ. ಇಸ್ಚಿಗ್ವಲಾಸ್ತೋದಲ್ಲೇ ಒಂದು ಕಡೆ ನೆಲದ ತುಂಬ ಚೆಂಡಿನಂಥ ಕಲ್ಲುಗಳು ಬಿದ್ದಿವೆ, ಅಲ್ಲಿನವರು ಆಡೋ ಬೋಚಾ ಅನ್ನೋ ಚೆಂಡಾಟದ ಅಂಗಳ ಅಂತಾನೇ ಆ ಜಾಗಕ್ಕೆ ಹೆಸರಿಟ್ಟಿದಾರೆ. ಡೈನೋಸಾರ್ ಕಣಿವೇಲಿ ಇದ್ದೂ ಅವು ಮೊಟ್ಟೆಗಳಲ್ಲ. 2020ರಲ್ಲಿ ತಮಿಳುನಾಡಿನ ಪೆರಂಬಲೂರಲ್ಲಿ ಕೆರೆ ತೋಡೋವಾಗ ಇಂಥದ್ದೇ ಸಿಕ್ಕಿ ಮೊಟ್ಟೆ ಮೊಟ್ಟೆ ಅಂತ ವಾಟ್ಸಾಪೆಲ್ಲ ಗಲಾಟೆ, ಜಿಯಾಲಜಿಸ್ಟ್‌ಗಳು ಹೋಗಿ ನೋಡಿದ್ರೆ ಅಮ್ಮೊನೈಟ್ ಅನ್ನೋ ಸಮುದ್ರ ಜೀವಿಗೆ ಸಂಬಂಧಪಟ್ಟ ಗಡ್ಡೆಗಳು.

ಉಲ್ಟಾ ಆಗಿದ್ದೂ ಇದೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡಲ್ಯಾ ಹಳ್ಳೀಲಿ ಹೊಲದಲ್ಲಿ ಸಿಕ್ಕ ಗುಂಡುಕಲ್ಲುಗಳನ್ನ ಕಾಕಡ್ ಭೈರವ ಅಂತ ಇಟ್ಟು ತಲೆಮಾರುಗಳಿಂದ ಪೂಜೆ ಮಾಡ್ತಿದ್ರು, ಹೊಲ ದನ ಕಾಯೋ ದೇವರು ಅಂತ. 2023ರಲ್ಲಿ ತಜ್ಞರು ನೋಡಿದ್ರೆ ಅವು ನಿಜವಾಗ್ಲೂ ಡೈನೋಸಾರ್ ಮೊಟ್ಟೆ! ನರ್ಮದಾ ಕಣಿವೆ ಕಲ್ಲಿನ ವಯಸ್ಸು ಅದಕ್ಕೆ ಸರಿಹೊಂದುತ್ತೆ, ಅಲ್ಲಿ ಅಂಥದ್ದು ಸಿಗೋದು ವಿಚಿತ್ರ ಅಲ್ಲ.

ಬೆಲೆ ವಿಷಯ ಬಿಟ್ಟುಬಿಡಿ. ಯಾರಾದ್ರೂ ಮನೆಗೆ ಬಂದು ಲಕ್ಷ ಕೊಡ್ತೀನಿ, ಮೊದಲು ಟೆಸ್ಟಿಂಗ್ ಫೀಸ್ ಕೊಡಿ ಅಂದ್ರೆ ಬಾಗಿಲಲ್ಲೇ ಕಳ್ಸಿ. ಕಲ್ಲನ್ನ ತುಳಸಿಕಟ್ಟೆ ಪಕ್ಕ ಇಡಿ, ಚೆನ್ನಾಗಿ ಕಾಣುತ್ತೆ. ಮುಂದೆ ಯಾವಾಗಾದ್ರೂ ಮೂಳೆ ಥರದ್ದೇ ಏನಾದ್ರೂ ಕಲ್ಲಲ್ಲಿ ಕಂಡ್ರೆ ಕೀಳೋಕೆ ಹೋಗ್ಬೇಡಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೀರಿ, ಜಾಗ ಗುರುತು ಮಾಡ್ಕೊಳ್ಳಿ, ಜಿಯಾಲಾಜಿಕಲ್ ಸರ್ವೆಯವರಿಗೆ ಅಥವಾ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತೋರಿಸಿ. ಜಾಗ ಗೊತ್ತಿಲ್ಲದ ಮೂಳೆ ವಿಳಾಸ ಹರಿದುಹೋದ ಕಾಗದ ಇದ್ದಂಗೆ.

ಅಷ್ಟು ಚಿಕ್ಕದಿದ್ದ ಡೈನೋಸಾರ್‌ಗಳು ಆಮೇಲೆ ಹೆಂಗೆ ರಾಜ ಆದ್ವು?
(ಏಳನೇ ಕ್ಲಾಸ್ ಹುಡುಗ, ಮೈಸೂರು)

ಪುಟ್ಟಾ, ಅದೃಷ್ಟ ಜಾಸ್ತಿ, ತಾಕತ್ತು ಸ್ವಲ್ಪ. ಸುಮಾರು 23.3 ಕೋಟಿ ವರ್ಷ ಹಿಂದೆ ಈಗಿನ ಅಲಾಸ್ಕಾ, ಕೆನಡಾ ಪಶ್ಚಿಮದ ಕಲ್ಲಾಗಿರೋ ದೊಡ್ಡ ಲಾವಾ ಹರಿವು ಆಯ್ತು, ಭೂಮಿ ಬಿಸಿಯಾಗಿ ಲಕ್ಷಾಂತರ ವರ್ಷ ಮತ್ತೆ ಮತ್ತೆ ಜೋರು ಮಳೆಗಾಲಗಳು ಬಂದ್ವು, ಕಾಡು ಬದಲಾಯ್ತು, ಕೆಲವು ಹಳೇ ಪ್ರಾಣಿಗಳಿಗೆ ಊಟ ಸಿಗದ ಹಾಗಾಯ್ತು. ಡೈನೋಸಾರ್‌ಗಳು ಹೆಚ್ಚಾಗಿದ್ದು ಆ ಗಲಾಟೆಯ ನಂತರ ಅಂತ ಒಂದು ವಾದ ಇದೆ. ಇಸ್ಚಿಗ್ವಲಾಸ್ತೋ ಅದರ ಬೆನ್ನಿಗೇ ಬರುತ್ತೆ. ಆದ್ರೂ ಮೊಸಳೆ ಕಡೆಯವರು ಅಷ್ಟು ಸುಲಭಕ್ಕೆ ಜಾಗ ಬಿಟ್ಟುಕೊಡ್ಲಿಲ್ಲ, ಇನ್ನೂ ಮೂರು ಕೋಟಿ ವರ್ಷ ಅವರದ್ದೇ ದರ್ಬಾರು. 20.1 ಕೋಟಿ ವರ್ಷ ಹಿಂದೆ ಮತ್ತೊಂದು ಲಾವಾ ಪ್ರಳಯ ಬಂದು ಅವರಲ್ಲಿ ಬಹಳ ಜನ ಹೋದ್ರು, ಮೊಸಳೆಗಳ ಪೂರ್ವಜರು ಉಳ್ಕೊಂಡ್ರು, ಖಾಲಿ ಬಿದ್ದ ಮನೆಗೆಲ್ಲ ಡೈನೋಸಾರ್‌ಗಳು ನುಗ್ಗಿದ್ವು. ಅವು ಯಾಕೆ ಸಾಯ್ಲಿಲ್ಲ ಅನ್ನೋದಕ್ಕೆ ಮೈಮೇಲೆ ಪುಕ್ಕದಂಥದ್ದು ಇತ್ತು, ಚಳಿ ತಡ್ಕೊಂಡ್ವು, ಬೇಗ ಬೆಳೀತಿದ್ವು ಅಂತೆಲ್ಲ ಹೇಳ್ತಾರೆ. ದೊಡ್ಡವನಾದ್ಮೇಲೆ ನೀನೇ ಕಂಡುಹಿಡಿದು ನಂಗೊಂದು ಕಾಗದ ಹಾಕು.

ನಿಜವಾದ ಅಸ್ಥಿಪಂಜರ ನೋಡ್ಬೇಕು ಮಕ್ಕಳಿಗೆ ತೋರಿಸ್ಬೇಕು, ಅರ್ಜೆಂಟೀನಾಗೆ ಹೋಗೋಕೆ ಆಗಲ್ಲ, ಹತ್ರದಲ್ಲಿ ಎಲ್ಲಿದೆ?
(ಇಬ್ಬರು ಮಕ್ಕಳ ತಾಯಿ, ರಾಯಚೂರು)

ರಾಯಚೂರಿಂದ ಹೈದರಾಬಾದ್ ಎಷ್ಟು ದೂರ, ಬೆಳಿಗ್ಗೆ ರೈಲು ಹತ್ತಿದ್ರೆ ಆಯ್ತು. ಅಲ್ಲಿ ಬಿರ್ಲಾ ಸೈನ್ಸ್ ಸೆಂಟರಲ್ಲಿ ಕೋಟಾಸಾರಸ್ ನಿಂತಿದೆ, ಜಿಯಾಲಾಜಿಕಲ್ ಸರ್ವೆಯವರು ಅದೇ ಗೋದಾವರಿ ಕಣಿವೇಲಿ ಅಗೆದು ತೆಗೆದಿದ್ದು, ಹೆಸರಿಟ್ಟಿದ್ದು 1988ರಲ್ಲಿ. ಇದು ನಾವು ಇಷ್ಟೊತ್ತು ಮಾತಾಡಿದ್ದಕ್ಕಿಂತ ಕಿರಿಯದು, ಮಲೇರಿ ಮೇಲೆ ಇರೋ ಕೋಟಾ ಅನ್ನೋ ಪದರದ್ದು, ಉದ್ದ ಕತ್ತಿನ ಸೊಪ್ಪು ತಿನ್ನೋ ದೊಡ್ಡ ಪ್ರಾಣಿ. ಕೋಲ್ಕತ್ತಾಗೆ ಹೋಗೋ ಅವಕಾಶ ಸಿಕ್ಕಿದ್ರೆ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಲ್ಲಿ ಬರಾಪಾಸಾರಸ್ ಟ್ಯಾಗೋರೈ ಇದೆ, ಬರಾ ಪಾ ಅಂದ್ರೆ ಬಂಗಾಳಿಯಲ್ಲಿ ದೊಡ್ಡ ಕಾಲು, ಅಗೆದು ತೆಗೀತಿದ್ದ ಹೊತ್ತಿಗೆ ಠಾಗೋರರ ನೂರನೇ ಹುಟ್ಟುಹಬ್ಬದ ವರ್ಷ ಬಂದಿತ್ತು, ಅದಕ್ಕೆ ಆ ಹೆಸರು. ಹೋಗೋ ಮುಂಚೆ ಫೋನ್ ಮಾಡಿ ತೆರೆದಿರುತ್ತಾ ಅಂತ ಕೇಳ್ಕೊಳ್ಳಿ. ಮತ್ತೆ ಮಕ್ಕಳಿಗೆ ಮೊದಲೇ ಹೇಳಿಡಿ, ಸೊಂಟದ ಹತ್ರ ಹೋಗಿ ಆ ಕಿಟಕಿ ಎಲ್ಲಿದೆ ಅಂತ ಹುಡುಕ್ಲಿ.